ಬಟ್ಟೆ ಹೊದಿಸಿದ ವಿಮಾನ: ಹೊದಿಕೆ ಮತ್ತು ಬಣ್ಣದ ಆಯ್ಕೆ

(ಪ್ರೌಢಶಾಲಾ ವಿಜ್ಞಾನದ ‘ಕೃತಕ ನಾರುಗಳು’, ‘ಬೆಳಕು’ ಮತ್ತು ‘ಸನ್ನೆ’ ಪಾಠಗಳಿಗೆ ಪೂರಕ ಓದು)

ಪ್ರಸ್ತಾವನೆ

ವಿಮಾನವೆಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ಹೊಳೆಯುವ ಲೋಹದ ಮೈ. ಆದರೆ ಮೊದಲ ಕೆಲವು ದಶಕಗಳ ವಿಮಾನಗಳು ಬಹುಮಟ್ಟಿಗೆ ಬಟ್ಟೆಯ ರೆಕ್ಕೆಗಳಿಂದಲೇ ಹಾರಿದವು. ಮರ ಅಥವಾ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು, ಅದಕ್ಕೆ ಲೇಪ ಕೊಡುವುದು ಅಂದಿನ ಕ್ರಮ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಎಂಬ ಎರಡಾಸನದ ತರಬೇತಿ ವಿಮಾನಕ್ಕೂ ಬಟ್ಟೆಯ ಹೊದಿಕೆಯಿತ್ತು. ಹಗುರ ವಿಮಾನಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಇಂತಹ ವಿಮಾನಕ್ಕೆ ಹೊಸ ಹೊದಿಕೆ ಹಾಕುವಾಗ ಮೊದಲು ಚರ್ಚೆಗೆ ಬರುವುದು ಸಾಮಾನ್ಯವಾಗಿ ಬಣ್ಣ. ವಾಸ್ತವದಲ್ಲಿ ಬಣ್ಣವು ಕೊನೆಯ ಪದರ ಮಾತ್ರ. ಅದರ ಕೆಳಗಿನ ಬಟ್ಟೆ, ಅಂಟು ಮತ್ತು ಲೇಪಗಳು ಒಂದಕ್ಕೊಂದು ಹೊಂದಿದಾಗಲೇ ರೆಕ್ಕೆ ನಂಬಿಕೆಗೆ ಅರ್ಹವಾಗುತ್ತದೆ. ಆದುದರಿಂದ ಆರಿಸಬೇಕಾದದ್ದು ಬಣ್ಣವನ್ನಲ್ಲ, ಇಡೀ ಪದ್ಧತಿಯನ್ನು.

ಬಟ್ಟೆ

ಆರಂಭದಲ್ಲಿ ಅಗಸೆ ನಾರಿನ ಲಿನನ್ ಮತ್ತು ಹತ್ತಿಯ ಬಟ್ಟೆಗಳು ಬಳಕೆಯಲ್ಲಿದ್ದವು. ‘ಗ್ರೇಡ್ ಎ’ ಎಂಬ ವಿಮಾನದರ್ಜೆಯ ಹತ್ತಿ ಬಟ್ಟೆಯ ಒಂದು ಅಂಗುಲ ಅಗಲದ ಪಟ್ಟಿಯು ಹೊಸದಾಗಿದ್ದಾಗ ಕನಿಷ್ಠ 80 ಪೌಂಡು, ಅಂದರೆ ಸುಮಾರು 36 ಕಿಲೋಗ್ರಾಂ ಎಳೆತವನ್ನು ತಡೆಯಬೇಕು. ಈ ಬಲವು 56 ಪೌಂಡಿಗಿಂತ ಕೆಳಗಿಳಿದರೆ ಬಟ್ಟೆಯನ್ನು ಬದಲಿಸಬೇಕಾಗುತ್ತದೆ. ಹತ್ತಿಯು ತೇವ, ಬೂಷ್ಟು ಮತ್ತು ಬಿಸಿಲಿಗೆ ಬೇಗ ಸೋಲುತ್ತದೆ.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಯೆಸ್ಟರ್. ಇದು ಕೊಳೆಯುವುದಿಲ್ಲ, ಹದವಾದ ಶಾಖ ತಗುಲಿದರೆ ಕುಗ್ಗಿ ಬಿಗಿಯಾಗುತ್ತದೆ. ಪ್ರಚಲಿತ ಪದ್ಧತಿಗಳಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸಿದ ಬಳಿಕ ಇಸ್ತ್ರಿಪೆಟ್ಟಿಗೆಯಿಂದ ಮೊದಲು ಸುಮಾರು 121, ಅನಂತರ ಸುಮಾರು 177 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಶಾಖ ಮಿತಿ ಮೀರಿದರೆ ನಾರು ಕೆಡುತ್ತದೆ. ಆದ್ದರಿಂದ ಇಸ್ತ್ರಿಪೆಟ್ಟಿಗೆಯ ಉಷ್ಣತೆಯನ್ನು ಉಷ್ಣಮಾಪಕದಿಂದ ಮೊದಲೇ ಪರೀಕ್ಷಿಸಿಕೊಳ್ಳುವುದು ನಿಯಮ.

ಲೇಪ

ಹತ್ತಿಯ ಬಟ್ಟೆಯನ್ನು ಬಿಗಿಗೊಳಿಸುತ್ತಿದ್ದುದು ‘ಡೋಪ್’ ಎಂಬ ಸೆಲ್ಯುಲೋಸ್ ಲೇಪ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ನೈಟ್ರೇಟ್ ಡೋಪ್ ನಾರಿಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತದೆ. ಬ್ಯುಟಿರೇಟ್ ಡೋಪ್ ಅಷ್ಟು ವೇಗವಾಗಿ ಉರಿಯುವುದಿಲ್ಲ, ಆದರೆ ಹಿಡಿತ ಕಡಿಮೆ. ವರ್ಷಗಳು ಕಳೆದಂತೆ ಕುಗ್ಗುತ್ತಲೂ ಇರುತ್ತದೆ. ಪಾಲಿಯೆಸ್ಟರ್ ನಾರು ನುಣುಪಾದುದರಿಂದ ಡೋಪ್ ಪದ್ಧತಿಯಲ್ಲಿ ಮೊದಲ ಪದರವಾಗಿ ನೈಟ್ರೇಟನ್ನೇ ಬಳಸುವುದು ರೂಢಿ.

ಪಾಲಿಯೆಸ್ಟರ್‌ಗೆಂದೇ ರೂಪಿಸಿದ ವಿನೈಲ್ ಲೇಪಗಳು ಬಹುಕಾಲ ಮೆತುವಾಗಿರುತ್ತವೆ. ಹರಿದಲ್ಲಿ ತೇಪೆ ಹಾಕುವುದು ಸುಲಭ, ಆದರೆ ಕನ್ನಡಿಯಂತಹ ಹೊಳಪು ಬರುವುದಿಲ್ಲ. ಪಾಲಿಯುರೆಥೇನ್ ಬಣ್ಣಕ್ಕೆ ಹೊಳಪು ಹೆಚ್ಚು, ದುರಸ್ತಿ ಕಷ್ಟ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಸಿಂಪಡಿಸುವವರಿಗೆ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖಕವಚ ಅಗತ್ಯ. ನೀರಿನ ಆಧಾರದ ಲೇಪಗಳಲ್ಲಿ ಬೆಂಕಿಯ ಭಯ ಕಡಿಮೆ.

ಈ ಎಚ್ಚರಿಕೆಯ ಹಿಂದೆ ನೋವಿನ ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಮಾನ ಕಾರ್ಖಾನೆಗಳಲ್ಲಿ ಡೋಪ್ ಬಳಿಯುತ್ತಿದ್ದ ಕಾರ್ಮಿಕರು ಅದರಲ್ಲಿದ್ದ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದ ಆವಿಯಿಂದ ಕಾಮಾಲೆಗೆ ತುತ್ತಾದರು, ಕೆಲವರು ಮರಣಿಸಿದರು. ಲೇಪದ ಆಯ್ಕೆಯು ಹಾರುವವರ ಸುರಕ್ಷತೆಗೆ ಮಾತ್ರವಲ್ಲ, ಬಳಿಯುವವರ ಆರೋಗ್ಯಕ್ಕೂ ಸಂಬಂಧಿಸಿದ್ದು.

ಬೆಳಕಿನ ತಡೆ

ಪಾಲಿಯೆಸ್ಟರ್‌ನ ದೊಡ್ಡ ಶತ್ರು ಸೂರ್ಯನ ಅತಿನೇರಳೆ ಕಿರಣ. ಅದನ್ನು ತಡೆಯಲು ಅನೇಕ ಪದ್ಧತಿಗಳಲ್ಲಿ ಬಣ್ಣದ ಕೆಳಗೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಯ ಪದರವೊಂದನ್ನು ಕೊಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಕಾಣುವುದಿಲ್ಲ. ತೂಕ ಅಥವಾ ಖರ್ಚು ಉಳಿಸಲೆಂದು ಇದನ್ನು ತೆಳುಗೊಳಿಸಿದರೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗಿನ ನಾರು ಸವೆಯುತ್ತಿರುತ್ತದೆ.

ತೂಕ ಮತ್ತು ಸಮತೋಲ

ಪ್ರತಿಯೊಂದು ಪದರವೂ ತೂಕವನ್ನು ಕೂಡಿಸುತ್ತದೆ. ತಿರುಗಣಿಯ ಮೇಲೆ ಚಲಿಸುವ ನಿಯಂತ್ರಕ ಭಾಗಗಳಲ್ಲಿ ತಿರುಗಣಿಯ ಹಿಂದೆ ಬಣ್ಣ ಹೆಚ್ಚಾದರೆ ಸಮತೋಲ ತಪ್ಪಿ, ವೇಗದಲ್ಲಿ ಆ ಭಾಗವು ಅಪಾಯಕಾರಿಯಾಗಿ ಅದುರಬಹುದು. ಆದ್ದರಿಂದ ಬಣ್ಣ ಬಳಿದ ಅನಂತರ ಸಮತೋಲವನ್ನು ಮತ್ತೆ ಪರೀಕ್ಷಿಸಬೇಕು.

ಆಯ್ಕೆಯ ಕ್ರಮ

1. ಈ ವಿಮಾನಕ್ಕೆ ಅನುಮೋದನೆ ಪಡೆದ ಪದ್ಧತಿ ಯಾವುದು?
2. ವಿಮಾನ ನಿಲ್ಲುವುದು ಸೂರಿನಡಿಯೋ, ಬಯಲಿನಲ್ಲೋ?
3. ಕೆಲಸಗಾರರಿಗೆ ಗಾಳಿ, ಮುಖಕವಚ, ಬೆಂಕಿಯ ರಕ್ಷಣೆ ಇದೆಯೇ?
4. ಮುಂದೆ ದುರಸ್ತಿ ಸುಲಭವೇ?
5. ತೂಕ ಎಷ್ಟು ಹೆಚ್ಚುತ್ತದೆ?

ಬಣ್ಣದ ಪ್ರಶ್ನೆ ಇವುಗಳ ಅನಂತರದ್ದು. ಪದ್ಧತಿಯನ್ನು ನಿರ್ಧರಿಸಿದ ಮೇಲೆ ಒಂದರ ಅಂಟು, ಇನ್ನೊಂದರ ಲೇಪ ಎಂದು ಬೆರೆಸದೆ, ಕೈಪಿಡಿಯ ಕ್ರಮವನ್ನು ಕೊನೆಯವರೆಗೂ ಪಾಲಿಸಬೇಕು. ಹೊಂದದ ಪದರಗಳು ಮೊದಲ ದಿನ ಒಂದಾಗಿಯೇ ಕಾಣುತ್ತವೆ, ಬಿಟ್ಟುಕೊಳ್ಳುವುದು ಬಳಿಕ.

ತರಗತಿಯ ಚಟುವಟಿಕೆ

ಸೊಲ್ಲಾಪುರದಂತಹ ನೇಯ್ಗೆಯ ಊರುಗಳ ಮಕ್ಕಳಲ್ಲಿ ಹಲವರಿಗೆ ಹಾಸು-ಹೊಕ್ಕುಗಳ ಪರಿಚಯ ಮನೆಯಲ್ಲಿಯೇ ಇರುತ್ತದೆ. ಅಲ್ಲಿ ಪಾಠವನ್ನು ಅದರಿಂದಲೇ ಆರಂಭಿಸಬಹುದು. ಹತ್ತಿ ಮತ್ತು ಪಾಲಿಯೆಸ್ಟರ್ ಬಟ್ಟೆಗಳಿಂದ ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸಿ, ಕೆಲವನ್ನು ಬಿಸಿಲಿನಲ್ಲಿ, ಕೆಲವನ್ನು ಕಪಾಟಿನಲ್ಲಿ ಎರಡು ತಿಂಗಳು ಇರಿಸಲಿ. ಬಳಿಕ ಪ್ರತಿ ಪಟ್ಟಿಗೂ ಚೀಲ ಕಟ್ಟಿ, ಹರಿಯುವವರೆಗೆ ಮರಳು ತುಂಬಿ ತೂಕವನ್ನು ದಾಖಲಿಸಲಿ. ವ್ಯತ್ಯಾಸ ಕಾಣದಿದ್ದರೂ ಕಂಡದ್ದನ್ನೇ ಬರೆಯುವುದು ವಿಜ್ಞಾನದ ಶಿಸ್ತು. ಸಮತೋಲದ ಪಾಠಕ್ಕೆ, ಪೆನ್ಸಿಲಿನ ಮೇಲೆ ಸಮವಾಗಿ ನಿಂತ ಅಳತೆಪಟ್ಟಿಯ ತುದಿಗೆ ಚಿಟಿಕೆ ಜೇಡಿಮಣ್ಣು ಅಂಟಿಸಿದರೆ ಸಾಕು. ದ್ರಾವಕ ಮತ್ತು ಬಣ್ಣಗಳನ್ನು ತರಗತಿಗೆ ತರಬಾರದು.

ಅಭ್ಯಾಸ

1. ಬೆಳ್ಳಿಯ ಪದರದ ಕೆಲಸವೇನು?
2. ಪಾಲಿಯೆಸ್ಟರ್ ಮತ್ತು ಹತ್ತಿ ಬಟ್ಟೆಗಳನ್ನು ಬಿಗಿಗೊಳಿಸುವ ಕ್ರಮಗಳಲ್ಲಿನ ವ್ಯತ್ಯಾಸ ತಿಳಿಸಿರಿ.
3. ಕಣ್ಣಿಗೆ ಕಾಣದ ಕೆಲಸವನ್ನು ಸರಿಯಾಗಿ ಮಾಡಬೇಕಾದ ಇನ್ನೊಂದು ವೃತ್ತಿಯನ್ನು ಹೆಸರಿಸಿ, ಕಾರಣ ಬರೆಯಿರಿ.