ಆಟದ ಚೀಲವೂ ಅದರ ಮಿತಿಯೂ

ಆಟವೆಂದರೆ ನಿಯಮಗಳ ಕಟ್ಟು. ನಿಯಮವಿಲ್ಲದೆಡೆಯಲ್ಲಿ ಗೆಲವೂ ಇಲ್ಲ, ಸೋಲೂ ಇಲ್ಲ. ಆದರೂ ಎಲ್ಲ ನಿಯಮಗಳೂ ಆಡುವವರಿಗೆ ಹಿತವಾಗಿರುವುದಿಲ್ಲ. ಕೆಲವು ನಿಯಮಗಳು ಮುಂದೆ ಸಾಗಬಯಸುವವನ ಕಾಲನ್ನೇ ಹಿಡಿದು ನಿಲ್ಲಿಸುವುವು. ಇಂದಿನ ವಿಡಿಯೋ ಆಟಗಳಲ್ಲಿ, ವಿಶೇಷವಾಗಿ ವೀರನೊಬ್ಬನ ಪಾತ್ರವನ್ನು ವಹಿಸಿ ಮಾಯಾಲೋಕದಲ್ಲಿ ಸಂಚರಿಸುವ ಆಟಗಳಲ್ಲಿ, ಇಂತಹ ನಿಯಮಗಳು ಹೇರಳವಾಗಿವೆ. ವೀರನ ಚೀಲದಲ್ಲಿ ಇಷ್ಟೇ ವಸ್ತುಗಳು ಹಿಡಿಯುವುವು. ಹೊರೆ ಹೆಚ್ಚಿದರೆ ಅವನು ಓಡಲಾರನು. ಕತ್ತಿಯು ಕೆಲವು ಹೊಡೆತಗಳಿಗೇ ಮುರಿಯುವುದು. ಇಂತಹ ಅಡ್ಡಿಗಳನ್ನು ಆಟದ ಕರ್ತೃಗಳು ಏಕೆ ಇಟ್ಟರು? ಇವುಗಳಲ್ಲಿ ಯಾವುದನ್ನು ಸಹಿಸಬೇಕು, ಯಾವುದನ್ನು ಸಂಶಯದಿಂದ ನೋಡಬೇಕು? ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಇದನ್ನು ವಿಚಾರಿಸುವುದು ಯುಕ್ತವಾಗಿದೆ.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗುವುದು ಪಾಠದ ಕ್ರಮ. ತೇನಿ, ಕಂಬಂ, ದಿಂಡಿಗಲ್ ಕಡೆಯ ಮನೆಗಳಲ್ಲಿ ದಾಯದ ಆಟವನ್ನು ಅರಿಯದ ಮಕ್ಕಳು ವಿರಳ. ಅದರಲ್ಲಿ ‘ದಾಯ’, ಎಂದರೆ ಒಂದು, ಬೀಳುವ ತನಕ ಕಾಯಿಯನ್ನು ಮಣೆಯೊಳಗೆ ಇಳಿಸುವಂತಿಲ್ಲ. ಇತರರು ಮನೆ ಮನೆ ದಾಟುತ್ತಿರುವಾಗ ದಾಯ ಬೀಳದವನು ಸುಮ್ಮನೆ ಕುಳಿತಿರಬೇಕು. ಕನ್ನಡನಾಡಿನ ಚೌಕಾಬಾರದಲ್ಲಿಯೂ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗಳಿಗೆ ಪ್ರವೇಶವಿಲ್ಲವೆಂಬುದು ಅನೇಕ ಕಡೆಗಳಲ್ಲಿ ರೂಢಿಯಾಗಿದೆ. ಇವೆರಡೂ ಕಿರಿಕಿರಿಯ ನಿಯಮಗಳೇ. ಆದರೆ ಒಂದೇ ಬಗೆಯವಲ್ಲ. ಮೊದಲನೆಯದರಲ್ಲಿ ಆಡುವವನು ಮಾಡಬಹುದಾದುದು ಏನೂ ಇಲ್ಲ, ಕಾಯುವುದೊಂದೇ. ಎರಡನೆಯದರಲ್ಲಿ ಅವನು ಯೋಚಿಸಬಲ್ಲನು: ಯಾವ ಕಾಯಿಯನ್ನು ನಡೆಸಲಿ, ಯಾರ ಬೆನ್ನು ಹತ್ತಲಿ, ಕಟ್ಟೆಮನೆಯಲ್ಲಿ ಎಷ್ಟು ಹೊತ್ತು ನಿಲ್ಲಲಿ? ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಲಭವಾಗುವುದು.

ಚೀಲದ ಮಿತಿಯು ಹೊಸದೇನೂ ಅಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಯಂತ್ರವಿಲ್ಲದೆ, ಕಾಗದ, ಪೆನ್ಸಿಲು ಮತ್ತು ದಾಳಗಳಿಂದ ಆಡುತ್ತಿದ್ದರು. ಅದರಲ್ಲಿ ವೀರನು ಹೊರುವ ಭಾರವನ್ನು ಚಿನ್ನದ ನಾಣ್ಯಗಳ ತೂಕದಲ್ಲಿ ಲೆಕ್ಕ ಹಾಕುತ್ತಿದ್ದರು. ಭಾರ ಹೆಚ್ಚಿದಂತೆ ನಡಿಗೆ ಮಂದವಾಗುತ್ತಿತ್ತು. ೧೯೭೬ರಲ್ಲಿ ವಿಲ್ ಕ್ರೌಥರ್ ಎಂಬವರು ರಚಿಸಿ, ೧೯೭೭ರಲ್ಲಿ ಡಾನ್ ವುಡ್ಸ್ ಎಂಬವರು ಬೆಳೆಸಿದ ‘ಅಡ್ವೆಂಚರ್’ ಎಂಬ ಗಣಕಯಂತ್ರದ ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಬರಿಯ ವಾಕ್ಯಗಳು. ಗುಹೆಯೊಳಗೆ ಹೋಗುವವನು ಏಳು ವಸ್ತುಗಳಿಗಿಂತ ಹೆಚ್ಚು ಹೊರಲಾರನು. ಅವನ ದೀಪವೂ ಕಾಲಕ್ರಮದಲ್ಲಿ ನಂದುವುದು. ಅಲ್ಲಿ ಒಂದು ಹಕ್ಕಿಯಿದೆ. ಕೈಯಲ್ಲಿ ಕೋಲಿದ್ದರೆ ಅದು ಬೆದರಿ ಸಿಕ್ಕದು. ಕೋಲನ್ನು ಕೆಳಗಿಟ್ಟವನಿಗೆ ಮಾತ್ರ ಪಂಜರದೊಳಗೆ ಬರುವುದು. ಆ ಹಕ್ಕಿಯೇ ಮುಂದೆ ದಾರಿಗಡ್ಡವಾದ ಹಾವನ್ನು ಓಡಿಸುವುದು. ಒಂದನ್ನು ಬಿಡದೆ ಇನ್ನೊಂದು ದೊರೆಯದೆಂಬ ನೀತಿಯನ್ನು ಉಪದೇಶವಿಲ್ಲದೆಯೇ ಕಲಿಸಿದ ನಿಯಮವಿದು.

ಹೊರೆಯ ಮಿತಿಯು ಕಲ್ಪನೆಯಲ್ಲ, ಲೋಕದ ಸತ್ಯವೆಂಬುದಕ್ಕೆ ನಮ್ಮ ಬೆಟ್ಟಗಳೇ ಸಾಕ್ಷಿ. ಮುನ್ನಾರಿನ ತೋಟಗಳ ಚಹಾವನ್ನು ಬಯಲಿಗೆ ಇಳಿಸುವುದು ಒಂದು ಕಾಲದಲ್ಲಿ ದೊಡ್ಡ ಸಮಸ್ಯೆಯಾಗಿತ್ತು. ೧೯೦೨ರಲ್ಲಿ ಎತ್ತುಗಳು ಎಳೆಯುವ ಒಂದೇ ಹಳಿಯ ಬಂಡಿಮಾರ್ಗವನ್ನು ಅಲ್ಲಿಂದ ಟಾಪ್ ಸ್ಟೇಷನ್‌ವರೆಗೆ ಹಾಕಿದರು. ೧೯೦೮ರಲ್ಲಿ ಅದು ಸಣ್ಣ ರೈಲುಮಾರ್ಗವಾಯಿತು. ಟಾಪ್ ಸ್ಟೇಷನ್‌ನಿಂದ ಕೊಟ್ಟಗುಡಿಗೆ ಹಗ್ಗದ ದಾರಿಯಲ್ಲಿ ಪೆಟ್ಟಿಗೆಗಳು ಇಳಿಯುತ್ತಿದ್ದವು. ಅಲ್ಲಿಂದ ಬೋಡಿನಾಯಕನೂರಿಗೆ ಸಾಗುತ್ತಿದ್ದವು. ೧೯೨೪ರ ಮಹಾಪ್ರವಾಹದಲ್ಲಿ ಆ ರೈಲುಮಾರ್ಗ ನಾಶವಾಯಿತು. ಮನುಷ್ಯನ ತಲೆ, ಎತ್ತಿನ ಹೆಗಲು, ಉಕ್ಕಿನ ಹಗ್ಗ ಇವುಗಳಿಗೆ ತಮ್ಮ ತಮ್ಮ ಮಿತಿಗಳುಂಟು. ಮಿತಿಯಿದ್ದುದರಿಂದಲೇ ಉಪಾಯವು ಹುಟ್ಟಿತು. ಆಟದ ವೀರನು ಬೆಟ್ಟವನ್ನೇ ಕಿಸೆಯಲ್ಲಿ ಹೊರಬಲ್ಲವನಾದರೆ ಅವನಿಗೆ ಉಪಾಯದ ಅಗತ್ಯವೇ ಬಾರದು.

ಕೆಲವು ಅಡ್ಡಿಗಳು ಯಂತ್ರದ ಬಡತನದಿಂದ ಬಂದವು. ೧೯೮೬ರಲ್ಲಿ ಜಪಾನಿನಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಆಟದಲ್ಲಿ, ಆಡಿದಷ್ಟನ್ನು ಉಳಿಸಿಕೊಳ್ಳುವ ಸಾಧನವಿರಲಿಲ್ಲ. ನಿಲ್ಲಿಸುವಾಗ ಯಂತ್ರವು ತೋರಿಸಿದ ೨೦ ಅಕ್ಷರಗಳ ಸಂಕೇತವನ್ನು ಬರೆದುಕೊಂಡು, ಮರುದಿನ ಅದನ್ನೇ ಒಪ್ಪಿಸಬೇಕಾಗಿತ್ತು. ೧೯೮೭ರ ಎರಡನೆಯ ಭಾಗದಲ್ಲಿ ಸಂಕೇತವು ೫೨ ಅಕ್ಷರಗಳವರೆಗೆ ಬೆಳೆಯಿತು. ಒಂದಕ್ಷರ ತಪ್ಪಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ! ೧೯೮೮ರ ಮೂರನೆಯ ಭಾಗದಲ್ಲಿ ಬ್ಯಾಟರಿಯ ನೆರವಿನಿಂದ ಈ ತೊಂದರೆ ನೀಗಿತು. ಇಂತಹ ಅಡ್ಡಿಗಾಗಿ ಯಾರನ್ನೂ ದೂರುವಂತಿಲ್ಲ.

ಇನ್ನು ಕೆಲವು ಅಡ್ಡಿಗಳ ವಿಷಯದಲ್ಲಿ ಆಡುವವರಲ್ಲಿಯೇ ಭಿನ್ನಾಭಿಪ್ರಾಯವಿದೆ. ೧೯೯೬ರ ‘ಡಯಾಬ್ಲೊ’ ಆಟದ ಚೀಲದಲ್ಲಿ ೪೦ ಚೌಕಗಳು. ಚಿನ್ನವೂ ಸ್ಥಳವನ್ನು ಆಕ್ರಮಿಸುವುದು, ೫,೦೦೦ ನಾಣ್ಯಗಳಾದೊಡನೆ ಇನ್ನೊಂದು ಚೌಕ ಬೇಕು. ೨೦೧೧ರ ‘ಸ್ಕೈರಿಮ್’ ಆಟದಲ್ಲಿ ಹೊರೆಯು ಮಿತಿಮೀರಿದರೆ ವೀರನು ಕುಂಟುವವನಂತೆ ಮೆಲ್ಲನೆ ನಡೆಯುವನು. ೨೦೧೭ರ ‘ಬ್ರೆತ್ ಆಫ್ ದಿ ವೈಲ್ಡ್’ ಆಟದಲ್ಲಿ ಆಯುಧಗಳು ಬಳಕೆಯಿಂದ ಮುರಿಯುವುವು. ಮುರಿಯುವುದರಿಂದ ಹೊಸ ಆಯುಧವನ್ನು ಹುಡುಕುವ ಚುರುಕು ಬರುವುದೆಂದು ಕೆಲವರು ಹೇಳುವರು. ಒಳ್ಳೆಯ ಕತ್ತಿಯನ್ನು ಬಳಸಲು ಹೆದರಿ ಬಚ್ಚಿಡುವಂತಾಗುವುದೆಂದು ಮತ್ತೆ ಕೆಲವರು ಹೇಳುವರು. ಚೀಲ ತುಂಬಿದಾಗಲೆಲ್ಲ ಪೇಟೆಗೆ ಮರಳಿ, ಮಾರಿ, ಮತ್ತೆ ಅದೇ ದಾರಿಯನ್ನು ತುಳಿಯುವುದರಲ್ಲಿ ಬುದ್ಧಿಗೆ ಕೆಲಸವಿಲ್ಲ, ಕಾಲವ್ಯಯವೊಂದೇ ಫಲ. ದಾಯ ಬೀಳುವುದಕ್ಕಾಗಿ ಕಾಯುವುದಕ್ಕೂ ಇದಕ್ಕೂ ಭೇದವು ಅಲ್ಪ.

ಪೋಷಕರು ಹೆಚ್ಚಾಗಿ ಗಮನಿಸತಕ್ಕದ್ದು ಮತ್ತೊಂದು ಬಗೆಯನ್ನು. ಮೊಬೈಲಿನ ಅನೇಕ ಆಟಗಳು ದುಡ್ಡಿಲ್ಲದೆ ದೊರೆಯುವುವು. ೨೦೧೬ರಲ್ಲಿ ಬಂದ ‘ಪೋಕೆಮಾನ್ ಗೋ’ ಆಟವು ಮೊದಲಿಗೆ ೩೫೦ ವಸ್ತುಗಳು ಹಿಡಿಯುವ ಚೀಲವನ್ನು ಕೊಟ್ಟಿತು. ಇನ್ನೂ ೫೦ಕ್ಕೆ ಸ್ಥಳ ಬೇಕೆಂದರೆ ಆಟದ ೨೦೦ ನಾಣ್ಯಗಳು ಬೇಕು. ಆ ನಾಣ್ಯಗಳನ್ನು ಆಡಿ ಸಂಪಾದಿಸಬಹುದು, ಇಲ್ಲವೆ ನಿಜವಾದ ಹಣಕ್ಕೆ ಕೊಳ್ಳಬಹುದು. ಕೆಲವು ಆಟಗಳಲ್ಲಿ ವೀರನು ‘ದಣಿಯುವನು’; ಗಂಟೆಗಟ್ಟಲೆ ಕಾಯಬೇಕು, ಅಥವಾ ಹಣ ತೆರಬೇಕು. ದಿಂಡಿಗಲ್ಲಿನ ಬೀಗಗಳು ಪ್ರಸಿದ್ಧವಾದವು. ೨೦೧೯ರಲ್ಲಿ ಅವಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಅಲ್ಲಿಯ ಕಮ್ಮಾರನು ನಮ್ಮ ಮನೆಯ ರಕ್ಷಣೆಗಾಗಿ ಬೀಗವನ್ನು ಮಾಡುವನು. ಆದರೆ ನಮ್ಮ ಬಾಗಿಲಿಗೆ ತಾನೇ ಬೀಗವಿಕ್ಕಿ, ಕೀಲಿಯನ್ನು ನಮಗೇ ಮಾರುವವನೊಬ್ಬನಿದ್ದರೆ ಅವನನ್ನು ಏನೆನ್ನೋಣ? ಕಿರಿಕಿರಿಯನ್ನು ತಾನೇ ಹುಟ್ಟಿಸಿ ಪರಿಹಾರವನ್ನು ಮಾರುವ ಆಟದ ವ್ಯಾಪಾರವೂ ಇಂತಹುದೇ. ದೊಡ್ಡವರ ಫೋನಿನಲ್ಲಿ ಮಗುವಿನ ಬೆರಳು ಒಮ್ಮೆ ತಾಗಿದರೆ ದಿನದ ಕೂಲಿಯೇ ಹೋದೀತು. ಆದುದರಿಂದ ಹಣ ತೆರುವ ಗುಪ್ತಸಂಖ್ಯೆಯು ಹಿರಿಯರಲ್ಲಿಯೇ ಇರತಕ್ಕದ್ದು.

ಹಾಗೆಂದು ಆಟಗಳನ್ನೆಲ್ಲ ಹಳಿಯುವುದು ನ್ಯಾಯವಲ್ಲ. ಮಗುವು ಆಡುವಾಗ ಪೋಷಕರು ಪಕ್ಕದಲ್ಲಿ ಕುಳಿತು, ಚೀಲದಲ್ಲಿ ಏನಿದೆ, ಏನನ್ನು ಏಕೆ ಬಿಟ್ಟೆಯೆಂದು ಕೇಳಲಿ. ಕಾರಣವನ್ನು ಹೇಳಬಲ್ಲ ಮಗುವು ಲೆಕ್ಕವನ್ನೂ ವಿವೇಕವನ್ನೂ ಕಲಿಯುತ್ತಿದೆಯೆಂದು ತಿಳಿಯಬಹುದು. ಕಾರಣವಿಲ್ಲದೆ ಬೆರಳಾಡಿಸುತ್ತಿದ್ದರೆ ಆ ದಿನದ ಆಟ ಸಾಕು.

ಅಭ್ಯಾಸಕ್ಕಾಗಿ:
೧. ನೀವು ಬಲ್ಲ ಯಾವುದಾದರೊಂದು ಆಟದ ಕಿರಿಕಿರಿಯ ನಿಯಮವನ್ನು ಬರೆಯಿರಿ. ಅದು ಯೋಚನೆಯನ್ನು ಬೇಡುವುದೋ, ಕಾಲವನ್ನೋ, ಹಣವನ್ನೋ?
೨. ಆ ನಿಯಮವನ್ನು ತೆಗೆದುಹಾಕಿದರೆ ಆಟವು ಉತ್ತಮವಾಗುವುದೋ, ಸಪ್ಪೆಯಾಗುವುದೋ? ಕಾರಣ ಕೊಡಿರಿ.
೩. ನಾಳೆ ನಿಮ್ಮ ಪುಸ್ತಕದ ಚೀಲವನ್ನು ತೂಗಿ ನೋಡಿರಿ. ಆ ದಿನದ ಪಾಠಕ್ಕೆ ಬೇಡವಾದ ಯಾವ ವಸ್ತುಗಳನ್ನು ಹೊತ್ತಿರುವಿರಿ?