ಮನೆಯವರ ಜೊತೆ ಕಳೆಯುವ ಬಿಡುವೂ ಧಮ್ಮವೇ

ಕಳೆದ ವಾರ ಮಾರತ್ತಹಳ್ಳಿಯ ನಮ್ಮ ಅಧ್ಯಯನ ಕೂಟದಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: “ಟೀಚರ್, ದೀಕ್ಷೆ ತಗೊಂಡ ಮೇಲೆ ದೇವರ ಫೋಟೊ ತೆಗೆದ್ವಿ. ಹರಕೆ, ಜಾತ್ರೆ ಎಲ್ಲಾ ಬಿಟ್ವಿ. ಅದು ಸರಿ. ಈಗ ಮಕ್ಕಳು ಚೌಕಾಬಾರ ಆಡೋಣ ಬಾ ಅಂತಾರೆ, ಸಿನಿಮಾಗೆ ಹೋಗೋಣ ಅಂತಾರೆ. ತಣ್ಹಾ ಬಿಡಬೇಕು ಅಂತ ಇಲ್ಲಿ ಓದ್ತೀವಿ. ಹಂಗಾದ್ರೆ ಇದನ್ನೂ ಬಿಡಬೇಕಾ?”

ಇದು ಸಣ್ಣ ಪ್ರಶ್ನೆಯಲ್ಲ. ಪಕ್ಕದ ಮನೆಯಲ್ಲಿ ಹಬ್ಬದ ಸಡಗರ, ನಮ್ಮ ಮನೆಯಲ್ಲಿ ಬರೀ “ಅದು ಬೇಡ, ಇದು ಬೇಡ” ಎಂದಾದರೆ, ಮಕ್ಕಳ ಮನಸ್ಸಿನಲ್ಲಿ ಧಮ್ಮ ಎಂದರೆ ಬೇಡಗಳ ಪಟ್ಟಿಯಾಗಿ ಉಳಿಯುತ್ತದೆ. ಅಂಥ ಧಮ್ಮದಲ್ಲಿ ಮುಂದಿನ ತಲೆಮಾರು ನಿಲ್ಲುವುದಿಲ್ಲ. ಆದ್ದರಿಂದ ಇವತ್ತು ಇದನ್ನೇ ಓದೋಣ.

*ದೀಘಜಾಣು ಕೇಳಿದ್ದು*

ಅಕ್ಕ ಕೇಳಿದ ಪ್ರಶ್ನೆಯನ್ನು ಭಗವಾನ್ ಬುದ್ಧರ ಕಾಲದಲ್ಲೇ ಒಬ್ಬರು ಕೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ಆ ಸುತ್ತ ಇದೆ. ಕೋಲಿಯರ ಕಕ್ಕರಪತ್ತ ಎಂಬ ಊರಿನಲ್ಲಿ ಬುದ್ಧರು ತಂಗಿದ್ದಾಗ ದೀಘಜಾಣು ಎಂಬ ಗೃಹಸ್ಥ ಬಂದು ತನ್ನ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ನಾವು ಸಂಸಾರಸ್ಥರು, ಮಕ್ಕಳುಮರಿಗಳ ನಡುವೆ ಇಕ್ಕಟ್ಟಿನಲ್ಲಿ ಮಲಗುವವರು, ಕಾಶಿಯ ಗಂಧ ಹಚ್ಚುತ್ತೇವೆ, ಹೂ ಮುಡಿಯುತ್ತೇವೆ, ಬೆಳ್ಳಿ ಬಂಗಾರ ಇಟ್ಟುಕೊಂಡಿದ್ದೇವೆ. ನಮ್ಮಂಥವರಿಗೂ ಇಲ್ಲಿ ಸುಖ, ಮುಂದೆಯೂ ಸುಖ ಸಿಗುವ ದಾರಿ ಹೇಳಿ ಎನ್ನುತ್ತಾನೆ.

ಮುನ್ನೇಕೊಳಾಲದ ಒಂದು ಕೋಣೆಯ ಮನೆಯಲ್ಲಿ ಐದು ಜನ ಸಾಲಾಗಿ ಮಲಗುವ ಕುಟುಂಬಗಳು ನಮ್ಮ ಕೂಟದಲ್ಲೂ ಇವೆ. ಆ “ಇಕ್ಕಟ್ಟಿನ ಹಾಸಿಗೆ” ನಮಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಬುದ್ಧರು ಅವನಿಗೆ ಹೂವನ್ನು ಎಸೆ, ಗಂಧವನ್ನು ಬಿಡು, ಮಕ್ಕಳಿಂದ ದೂರ ಹೋಗು ಎಂದು ಹೇಳಲಿಲ್ಲ. ಈ ಬದುಕಿನ ಸುಖಕ್ಕೆ ನಾಲ್ಕು ಸಂಗತಿ ಹೇಳಿದರು. ಶ್ರಮಪಟ್ಟು, ಜಾಣ್ಮೆಯಿಂದ ದುಡಿ. ದುಡಿದದ್ದನ್ನು ಕಾಪಾಡಿಕೊ. ಒಳ್ಳೆಯವರ ಗೆಳೆತನ ಮಾಡು. ಆದಾಯಕ್ಕೆ ತಕ್ಕಂತೆ ಸಮವಾಗಿ ಬದುಕು. ಮುಂದಿನ ಹಿತಕ್ಕೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಎಂಬ ಇನ್ನೂ ನಾಲ್ಕನ್ನು ಸೇರಿಸಿದರು.

ಸಮವಾಗಿ ಬದುಕುವುದು ಎಂದರೆ ಜಿಪುಣತನ ಅಲ್ಲ. ಅತ್ತಿ ಹಣ್ಣಿಗಾಗಿ ಇಡೀ ಮರ ಅಲ್ಲಾಡಿಸಿ, ತಿನ್ನುವುದು ನಾಲ್ಕು, ಬೀಳಿಸುವುದು ರಾಶಿ ಎನ್ನುವವನಂತೆ ಇರಬೇಡ ಎಂದ ಹಾಗೆಯೇ, ಇದ್ದೂ ಉಪವಾಸ ಸಾಯುವವನಂತೆಯೂ ಇರಬೇಡ ಎಂದು ಅದೇ ಸುತ್ತ ಹೇಳುತ್ತದೆ. ಎರಡನೆಯ ಮಾತನ್ನು ನಾವು ಎಷ್ಟೋ ಸಲ ಓದದೆ ದಾಟಿಬಿಡುತ್ತೇವೆ. ದುಡಿದ ಹಣದಲ್ಲಿ ಮನೆಯವರು ಸಂತೋಷವಾಗಿ ಉಂಡು, ಉಟ್ಟು, ನಕ್ಕರೆ ಅದು ಗೃಹಸ್ಥನ ನ್ಯಾಯವಾದ ಸುಖ.

ಇದೇ ಸುತ್ತದಲ್ಲಿ ಕೆರೆಯ ಹೋಲಿಕೆ ಬರುತ್ತದೆ. ಕೆರೆಗೆ ನೀರು ಬರುವ ದಾರಿ ನಾಲ್ಕು, ಹೋಗುವ ದಾರಿ ನಾಲ್ಕು. ಬರುವ ದಾರಿ ಮುಚ್ಚಿ ಹೋಗುವ ದಾರಿ ತೆರೆದಿಟ್ಟರೆ ಕೆರೆ ಬತ್ತುತ್ತದೆ. ಹೋಗುವ ನಾಲ್ಕು ದಾರಿ ಯಾವುವು? ವ್ಯಭಿಚಾರ, ಕುಡಿತ, ಜೂಜು, ಕೆಟ್ಟವರ ಸಹವಾಸ. ಕುಂದಲಹಳ್ಳಿ, ದೊಡ್ಡನೆಕ್ಕುಂದಿ, ವಿಭೂತಿಪುರ ಕೆರೆಗಳ ನಡುವೆ ಬದುಕುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ಪಟ್ಟಿಯಲ್ಲಿ ಮಕ್ಕಳ ಆಟ ಇಲ್ಲ, ಹಾಡು ಇಲ್ಲ, ಹೆಂಡತಿ ಜೊತೆ ಕೂತು ಕುಡಿಯುವ ಕಾಫಿ ಇಲ್ಲ ಎಂಬುದನ್ನು ಗಮನಿಸಿ.

*ಯಾರಿಗೆ ಯಾವ ನಿಯಮ?*

“ಬ್ರಹ್ಮಜಾಲ ಸುತ್ತದಲ್ಲಿ ಆಟಗಳನ್ನು ಬಿಡಬೇಕು ಅಂತ ಇದೆಯಲ್ಲ” ಎಂದು ಓದಿಕೊಂಡವರು ಕೇಳಬಹುದು. ಇದೆ. ಎಂಟು ಮನೆ, ಹತ್ತು ಮನೆಯ ಹಾಸಿನ ಆಟ, ನೆಲದ ಮೇಲೆ ಗೆರೆ ಎಳೆದು ಹಾರುವ ಆಟ, ದಾಳದ ಆಟ, ಗರಿಯ ಗಿರಗಿಟ್ಲೆ, ಆಟದ ನೇಗಿಲು, ಆಟದ ಬಂಡಿ ಎಲ್ಲದರ ಹೆಸರೂ ಅಲ್ಲಿವೆ. ಓದುವಾಗ ನಮ್ಮ ಕುಂಟಾಬಿಲ್ಲೆ, ಚೌಕಾಬಾರಗಳ ಅಜ್ಜ ಅಜ್ಜಿಯರನ್ನು ನೋಡಿದಂತಾಗುತ್ತದೆ. ಆದರೆ ಅದು ಭಿಕ್ಖುಗಳು ಬಿಟ್ಟದ್ದರ ಪಟ್ಟಿ. ಗೃಹಸ್ಥರಿಗೆ ಇರುವುದು ಪಂಚಶೀಲ. ಉಪೋಸಥದ ದಿನ ಅಷ್ಟಶೀಲ ಹಿಡಿದವರು ನೃತ್ಯ, ಗೀತ, ವಾದ್ಯಗಳಿಂದ ದೂರ ಇರುತ್ತಾರೆ. ಆ ದಿನಕ್ಕೆ ಮಾತ್ರ ಬಿಡಬೇಕು ಎಂದರೆ ಉಳಿದ ದಿನ ಅದು ಪಾಪವಲ್ಲ ಎಂದೇ ಅರ್ಥ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕುಡಿತ ಬೇಡ, ಸುಳ್ಳು ಬೇಡ, ಕಳವು ಬೇಡ ಎಂದಿದೆ. ನಗು ಬೇಡ ಎಂದಿಲ್ಲ.

ಹಾಗಂತ ಎಲ್ಲ ಮನರಂಜನೆಯೂ ಸರಿ ಎಂದಲ್ಲ. ಸಿಗಾಲೋವಾದ ಸುತ್ತದಲ್ಲಿ ಎಲ್ಲಿ ಕುಣಿತ, ಎಲ್ಲಿ ಹಾಡು ಎಂದು ಸದಾ ಅಲೆಯುವುದನ್ನು ಸಂಪತ್ತು ನಾಶವಾಗುವ ಆರು ದಾರಿಗಳಲ್ಲಿ ಒಂದು ಎಂದಿದ್ದಾರೆ. ದೋಷ ಹಾಡಿನಲ್ಲಿಲ್ಲ, ಮನೆ ಮರೆತು ಅದರ ಹಿಂದೆ ಅಲೆಯುವುದರಲ್ಲಿದೆ. ಅಂದಿನ ದಾಳ ಇಂದು ಮೊಬೈಲಿನಲ್ಲಿ ರಮ್ಮಿಯಾಗಿ ಕೂತಿದೆ. ಮನೆಯವರ ಜೊತೆ ಕವಡೆ ಹಾಕುವುದಕ್ಕೂ ಎಲ್ಲರೂ ಮಲಗಿದ ಮೇಲೆ ಒಬ್ಬನೇ ಕೂತು ಸಂಬಳ ಪಣ ಇಡುವುದಕ್ಕೂ ಇರುವ ಅಂತರವನ್ನು ಸುತ್ತ ಓದದವರೂ ಬಲ್ಲರು.

*ಬಿಡುವು ಯಾರಿಗೆ ಇತ್ತು?*

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜನಕ್ಕೆ ಬಿಡುವು ಎಂಬುದು ಹುಟ್ಟಿನಿಂದ ಬಂದ ಸೊತ್ತಲ್ಲ. ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಜೀತದಲ್ಲಿದ್ದವರು. ಊರಿನ ಹಬ್ಬದಲ್ಲೂ ಅವರ ಪಾಲಿಗೆ ಬಂದದ್ದು ತಮಟೆ ಬಡಿಯುವ ಕೆಲಸ, ಗುಡಿಸುವ ಕೆಲಸ, ಸತ್ತ ದನ ಹೊರುವ ಕೆಲಸ. ಬೇರೆಯವರ ಸಂಭ್ರಮವೇ ಅವರ ದುಡಿಮೆ.

ಬಾಬಾಸಾಹೇಬರು ಇದನ್ನು ಆಳವಾಗಿ ಯೋಚಿಸಿದ್ದರು. ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಎಂದು ಪ್ರಶ್ನಿಸಿ 1945ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಬಿಡುವಿನ ಬಗ್ಗೆ ಗಟ್ಟಿಯಾದ ವಾದವಿದೆ. ಪ್ರಾಣಿಯ ಬದುಕಿಗೂ ಮನುಷ್ಯನ ಬದುಕಿಗೂ ಇರುವ ವ್ಯತ್ಯಾಸ ಸಂಸ್ಕೃತಿ. ಬಿಡುವಿಲ್ಲದವನಿಗೆ ಸಂಸ್ಕೃತಿ ಸಾಧ್ಯವಿಲ್ಲ. ಆದ್ದರಿಂದ ದುಡಿಮೆಯ ಭಾರ ಇಳಿಸುವ ಯಂತ್ರವನ್ನು ಬೈಯಬೇಡಿ, ಅದರ ಫಲ ಎಲ್ಲರಿಗೂ ಸಿಗುವಂತೆ ಸಮಾಜವನ್ನು ಬದಲಿಸಿ. ಇದು ಅವರ ವಾದದ ಸಾರ.

ಅವರು ವಾದ ಮಾಡಿ ಸುಮ್ಮನಾಗಲಿಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಕಾರ್ಖಾನೆ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಕೊಡುವ ಮಸೂದೆ ತಂದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆಯ ಮಿತಿಯನ್ನು 48ಕ್ಕೆ ಇಳಿಸುವ ಮಸೂದೆಯನ್ನು 1946ರಲ್ಲಿ ಮುಂದಿಟ್ಟರು. ವಾರಕ್ಕೆ ಆರು ಗಂಟೆ! ಲೆಕ್ಕದಲ್ಲಿ ಸಣ್ಣದು. ಆದರೆ ಒಬ್ಬ ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತಾಡಲು ಆರು ಗಂಟೆ ಕಡಿಮೆಯಲ್ಲ.

ಸಿಗಾಲೋವಾದ ಸುತ್ತದಲ್ಲಿ ಒಡೆಯನು ಕೆಲಸದವರಿಗೆ ಮಾಡಬೇಕಾದ ಐದು ಕರ್ತವ್ಯಗಳಿವೆ. ಶಕ್ತಿಗೆ ತಕ್ಕ ಕೆಲಸ ಕೊಡುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದು, ಮನೆಯಲ್ಲಿ ಮಾಡಿದ ವಿಶೇಷ ಅಡುಗೆಯನ್ನು ಹಂಚಿಕೊಳ್ಳುವುದು. ಐದನೆಯದು ಸಕಾಲದಲ್ಲಿ ಬಿಡುವು ಕೊಡುವುದು. ಅಲ್ಲಿರುವ ಪಾಲಿ ಪದ “ವೊಸ್ಸಗ್ಗ”. ಅಂದರೆ ಬಿಡುವುದು, ಬಿಟ್ಟುಕೊಡುವುದು. ನಮ್ಮ ಕನ್ನಡದ “ಬಿಡುವು” ಕೂಡ “ಬಿಡು” ಎಂಬ ಧಾತುವಿನಿಂದಲೇ ಬಂದದ್ದು. ಎರಡೂ ಭಾಷೆ ಒಂದೇ ಮಾತು ಹೇಳುತ್ತಿವೆ: ಯಾರೋ ಹಿಡಿದದ್ದನ್ನು ಬಿಟ್ಟರೆ ಮಾತ್ರ ಇನ್ನೊಬ್ಬರಿಗೆ ಬಿಡುವು. ಬುದ್ಧರು ಕರ್ತವ್ಯವೆಂದು ಬೋಧಿಸಿದ್ದನ್ನು ಬಾಬಾಸಾಹೇಬರು ಕಾನೂನಾಗಿ ಬರೆಯಲು ಹೊರಟರು. “ಬುದ್ಧ ಮತ್ತು ಅವನ ಧಮ್ಮ” ಗ್ರಂಥದ ಗೃಹಸ್ಥರ ವಿನಯದ ಭಾಗದಲ್ಲಿ ಒಡೆಯ ಮತ್ತು ಕೆಲಸದವರ ಕರ್ತವ್ಯಗಳಿಗೂ ಜಾಗ ಕೊಟ್ಟರು.

ನಾನು ಒಮ್ಮೆ ತರಗತಿಯಲ್ಲಿ “ನನ್ನ ಭಾನುವಾರ” ಎಂದು ಪ್ರಬಂಧ ಬರೆಸಿದೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಹೆಚ್ಚು. ಮಾಲ್ ಬಗ್ಗೆ ಬರೆದವರು ಇಬ್ಬರೋ ಮೂವರೋ. ಒಬ್ಬ ಹುಡುಗಿ ಬರೆದದ್ದು ಇಷ್ಟೇ: “ಅವತ್ತು ಅಪ್ಪನಿಗೆ ಡ್ಯೂಟಿ ಇರಲಿಲ್ಲ. ಅಪ್ಪ ನನ್ನ ಜಡೆ ಹಾಕಿದರು. ಸೊಟ್ಟಗೆ ಬಂತು. ನಾವೆಲ್ಲ ನಕ್ಕೆವು.” ಅವಳ ಅಪ್ಪ ಹೊರವರ್ತುಲ ರಸ್ತೆಯ ಒಂದು ಕಟ್ಟಡದಲ್ಲಿ ಕಾವಲಿನ ಕೆಲಸದವರು, ಪಾಳಿ ಹನ್ನೆರಡು ಗಂಟೆ. ಆ ಮಗುವಿನ ಸುಖಕ್ಕೆ ಖರ್ಚಾದದ್ದು ಒಂದು ದಿನದ ರಜೆ ಮಾತ್ರ. ಸಿಗದೆ ಇರುವುದೂ ಅದೇ.

*ಬಾಬಾಸಾಹೇಬರ ಸಣ್ಣ ಸುಖಗಳು*

ಇಷ್ಟೆಲ್ಲ ಕೆಲಸದ ನಡುವೆ ಅವರಿಗೂ ಸಣ್ಣ ಸುಖಗಳಿದ್ದವು. ಪುಸ್ತಕ, ಒಳ್ಳೆಯ ಪೆನ್ನು, ಸಾಕಿದ ನಾಯಿ. ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕೂತರು. 1956ರ ಡಿಸೆಂಬರ್ 5ರ ರಾತ್ರಿ, ಅವರ ಬದುಕಿನ ಕೊನೆಯ ರಾತ್ರಿ, ಬುದ್ಧವಂದನೆಯ ಧ್ವನಿಮುದ್ರಿಕೆ ಹಾಕಿಸಿ ಕೇಳಿದರು, ತಾವೂ ದನಿಗೂಡಿಸಿದರು ಎಂದು ಜೊತೆಗಿದ್ದ ನಾನಕ್ ಚಂದ್ ರತ್ತು ದಾಖಲಿಸಿದ್ದಾರೆ.

ಆದರೆ ರಮಾಬಾಯಿಯವರಿಗೆ ಅಂಥ ಬಿಡುವು ಸಿಗಲಿಲ್ಲ. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಗಂಡ ಲಂಡನ್ನಿನಲ್ಲಿ ಓದುವಾಗ ಮುಂಬೈಯಲ್ಲಿ ಬಡತನ ಹೊತ್ತವರು ಅವರು. 1935ರ ಮೇ 27ರಂದು ತೀರಿಕೊಂಡರು. ಪಾಕಿಸ್ತಾನದ ಪ್ರಶ್ನೆ ಕುರಿತು ಬರೆದ ಗ್ರಂಥವನ್ನು ಬಾಬಾಸಾಹೇಬರು “ರಾಮು”ವಿನ ನೆನಪಿಗೆ ಅರ್ಪಿಸಿ, ಗೆಳೆಯರಿಲ್ಲದ ಕಷ್ಟದ ದಿನಗಳಲ್ಲಿ ತಮ್ಮೊಡನೆ ನೋವುಂಡ ಅವರ ಸ್ಥೈರ್ಯವನ್ನು ಸ್ಮರಿಸಿದರು. ಇವತ್ತು ನಾವು ಕಾಲು ಚಾಚಿ ಕೂರುವ ಪ್ರತಿ ಭಾನುವಾರದ ಹಿಂದೆ ಅಂಥ ತಾಯಂದಿರ ಬಿಡುವಿಲ್ಲದ ದಿನಗಳಿವೆ.

ಹಾಗಾದರೆ ನಮ್ಮ ಮನೆಯಲ್ಲಿ ಭಾನುವಾರ ಯಾರಿಗೆ? ಎಲ್ಲರೂ ಟಿವಿ ಮುಂದೆ, ಅಮ್ಮ ಒಲೆ ಮುಂದೆ. ಎಲ್ಲರೂ ಚೌಕಾಬಾರದ ಸುತ್ತ, ಅಮ್ಮ ಪಾತ್ರೆಗಳ ನಡುವೆ. ಇದು ಹಂಚಿಕೊಂಡ ಸುಖವಲ್ಲ. ಗಂಡ ಹೆಂಡತಿಯನ್ನು ಗೌರವಿಸಬೇಕು, ಹೀನಾಯ ಮಾಡಬಾರದು, ನಿಷ್ಠೆಯಿಂದಿರಬೇಕು, ಮನೆಯ ಅಧಿಕಾರ ಒಪ್ಪಿಸಬೇಕು, ಒಡವೆ ಉಡುಗೆ ಕೊಡಬೇಕು ಎಂದು ಸಿಗಾಲೋವಾದ ಹೇಳುತ್ತದೆ. ಇವತ್ತು ಆ ಒಡವೆಗಿಂತ ದೊಡ್ಡದು ಎರಡು ಗಂಟೆ ಬಿಡುವು. ಹಾಗೆಯೇ ನಮ್ಮಲ್ಲಿ ಕೆಲವರ ಮನೆಗೆ ಈಗ ಕೆಲಸದ ಅಕ್ಕಂದಿರು ಬರುತ್ತಾರೆ. ಅವರಿಗೆ ವಾರಕ್ಕೊಂದು ರಜೆ, ಸಂಬಳ ಹಿಡಿಯದೆ, ಕೊಡುತ್ತಿದ್ದೇವೆಯೇ? ಕೊಡದೆ ಇದ್ದರೆ “ವೊಸ್ಸಗ್ಗ”ದ ಪಾಠ ನಮಗೂ ಇದೆ.

*ವಿಹಾರಯಾತ್ರೆ, ಧಮ್ಮಯಾತ್ರೆ*

ಹೊರಗೆ ಸುತ್ತಾಡುವುದಕ್ಕೂ ನಮ್ಮಲ್ಲಿ ಮಾದರಿ ಇದೆ. ಸಾಮ್ರಾಟ ಅಶೋಕರ ಎಂಟನೆಯ ಬಂಡೆಶಾಸನ ಇದನ್ನೇ ಹೇಳುತ್ತದೆ. ಹಿಂದಿನ ರಾಜರು ಬೇಟೆಯ ವಿಹಾರಯಾತ್ರೆ ಹೋಗುತ್ತಿದ್ದರು. ಅಶೋಕರು ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಸಂಬೋಧಿಗೆ ಹೋದರು, ಅಲ್ಲಿಂದ ಧಮ್ಮಯಾತ್ರೆ ಶುರುವಾಯಿತು. ಹಿರಿಯರನ್ನು ಕಾಣುವುದು, ದಾನ ಮಾಡುವುದು, ಹಳ್ಳಿಯ ಜನರ ಜೊತೆ ಮಾತಾಡುವುದು. ಇದರಲ್ಲೇ ಹೆಚ್ಚು ಸಂತೋಷ ಎಂದು ಆ ಶಾಸನ ಹೇಳುತ್ತದೆ. ಅವರು ಸಂತೋಷವನ್ನು ಬಿಡಲಿಲ್ಲ, ಅದರೊಳಗಿನ ಹಿಂಸೆಯನ್ನು ಬಿಟ್ಟರು. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಡದಲ್ಲಿ, “ರಾಯೋ ಅಸೋಕೋ” ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಶಿಲ್ಪ ಸಿಕ್ಕಿದೆಯಲ್ಲ, ಅದರಲ್ಲೂ ಅವರು ಒಬ್ಬರೇ ಇಲ್ಲ, ರಾಣಿಯೊಡನೆ ನಿಂತಿದ್ದಾರೆ.

ನಮಗೂ ದೊಡ್ಡ ಖರ್ಚು ಬೇಕಿಲ್ಲ. ಮಾರತ್ತಹಳ್ಳಿಯಲ್ಲಿ 335ಇ ಬಸ್ಸು ಹತ್ತಿದರೆ ಮೆಜೆಸ್ಟಿಕ್. ಅಲ್ಲಿಂದ ಹತ್ತಿರದಲ್ಲೇ ಗಾಂಧಿನಗರದ ಮಹಾಬೋಧಿ ಸೊಸೈಟಿ. ಪೂಜ್ಯ ಆಚಾರ್ಯ ಬುದ್ಧರಕ್ಖಿತರು ಅದನ್ನು ಸ್ಥಾಪಿಸಿದ್ದು 1956ರಲ್ಲಿ, ನಮ್ಮ ದೀಕ್ಷೆಯ ವರ್ಷದಲ್ಲೇ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡೂ ಇಲ್ಲ. ಬೋಧಿವೃಕ್ಷದ ಕೆಳಗೆ ಸ್ವಲ್ಪ ಹೊತ್ತು ಕೂತು, ಕಟ್ಟಿಕೊಂಡು ಹೋದ ಚಿತ್ರಾನ್ನ ಎಲ್ಲಾದರೂ ಹಂಚಿ ತಿಂದು ಬಂದರೆ ಮಕ್ಕಳಿಗೆ ಅದೇ ಹಬ್ಬ.

*ಈ ವಾರದ ಅಭ್ಯಾಸ*

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖ ಹೇಳಿದ್ದಾರೆ: ನ್ಯಾಯವಾಗಿ ಗಳಿಸಿದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ನಡತೆಯ ಸುಖ. ಇದನ್ನಿಟ್ಟುಕೊಂಡು ಯಾವ ಮನರಂಜನೆಗೂ ಮೂರು ಪ್ರಶ್ನೆ ಹಾಕಿ:

1. ಇದಕ್ಕೆ ಸಾಲ ಮಾಡುತ್ತಿದ್ದೇವೆಯೇ?
2. ಇದರಿಂದ ಯಾರಿಗಾದರೂ, ನಮ್ಮ ಶೀಲಕ್ಕಾದರೂ, ಪೆಟ್ಟಿದೆಯೇ?
3. ಈ ಸುಖದಿಂದ ಹೊರಗೆ ಉಳಿದವರು ನಮ್ಮ ಮನೆಯಲ್ಲೇ ಯಾರಾದರೂ ಇದ್ದಾರೆಯೇ?

ಮೂರಕ್ಕೂ “ಇಲ್ಲ” ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಆಡಿ, ಹಾಡಿ, ಸುತ್ತಾಡಿ. ಇನ್ನೊಬ್ಬರ ಸಂತೋಷ ಕಂಡು ಸಂತೋಷಪಡುವುದಕ್ಕೆ ಧಮ್ಮದಲ್ಲಿ ಮುದಿತಾ ಎಂಬ ಹೆಸರಿದೆ. ಅದರ ಮೊದಲ ಪಾಠಶಾಲೆ ಮನೆಯೇ. ಮಗು ಚೌಕಾಬಾರದಲ್ಲಿ ನಿಮ್ಮ ಕಾಯಿ ಹೊಡೆದು ಕುಣಿದಾಗ ನಿಮಗೂ ನಗು ಬಂದರೆ ಅದೇ ಮುದಿತಾ.

ಇವತ್ತು ಸಂಜೆ ಒಂದು ಗಂಟೆ ಮೊಬೈಲ್ ಪಕ್ಕಕ್ಕಿಡಿ. ಪಾತ್ರೆಗಳನ್ನು ಎಲ್ಲರೂ ಸೇರಿ ತೊಳೆಯಿರಿ. ಆಮೇಲೆ ಎಲ್ಲರೂ ಸೇರಿ ಕೂರಿ, ಅಮ್ಮನನ್ನೂ ಸೇರಿಸಿಕೊಂಡು.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.