ಮಾಸು ತಿನ್ನುವ ನಾಯಿ: ಚಟ ಬಿಡಿಸುವುದು ಹೇಗೆ?



ಹಸು ಕರು ಹಾಕಿದ ದಿನ ಮನೆಮಂದಿಯ ಗಮನವೆಲ್ಲ ಕರುವಿನ ಮೇಲೆ, ಗಿಣ್ಣು ಹಾಲಿನ ಮೇಲೆ. ಆ ಹೊತ್ತಿನಲ್ಲಿ ಬಿದ್ದ ಮಾಸನ್ನು (ಕಸ) ಮನೆಯ ನಾಯಿ ಎಳೆದೊಯ್ದು ತಿನ್ನುವುದುಂಟು. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ವಾಡಿಕೆ ಹಳ್ಳಿಗಳಲ್ಲಿದೆ. ಕಟ್ಟು ಸಡಿಲಾಗಿ ಬಿದ್ದರೆ ಅದೂ ನಾಯಿಯ ಪಾಲು. ಶಿವಮೊಗ್ಗ, ಭದ್ರಾವತಿ ಪಟ್ಟಣಗಳಲ್ಲಿ ಹಸು ಸಾಕಿದವರು ಹೂಳಲು ಜಾಗವಿಲ್ಲವೆಂದು ಚರಂಡಿಗೋ ನಾಲೆಯ ದಂಡೆಗೋ ಎಸೆದರೆ ಬೀದಿನಾಯಿಗಳಿಗೂ ರುಚಿ ಹತ್ತುತ್ತದೆ.

ಇದು ಬರೀ ಅಸಹ್ಯದ ಮಾತಲ್ಲ, ನಷ್ಟದ ಮಾತು. ನಿಯೋಸ್ಪೋರಾ ಎಂಬ ಸೂಕ್ಷ್ಮ ಪರೋಪಜೀವಿ ಹಸುಗಳು ಕಂದು ಹಾಕಲು ಒಂದು ಕಾರಣ. ಇದು ನಾಯಿಯ ಕರುಳಿನಲ್ಲಿ ಬೆಳೆದು ಮಲದ ಮೂಲಕ ಹೊರಬರುತ್ತದೆ ಎಂಬುದನ್ನು 1998ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ರೋಗವಿರುವ ಹಸುವಿನ ಮಾಸು, ಸತ್ತ ಕಂದು ಅಥವಾ ಹಸಿ ಮಾಂಸ ತಿಂದ ನಾಯಿಗೆ ಸೋಂಕು ತಗಲುತ್ತದೆ. ಅದರ ಮಲ ಮೇವಿಗೆ, ನೀರಿಗೆ ಸೇರಿದರೆ ಹಸುವಿಗೆ ಬರುತ್ತದೆ. ಸಾಮಾನ್ಯವಾಗಿ 5-6 ತಿಂಗಳ ಗಬ್ಬ ಹೋಗುತ್ತದೆ. ಕಂದು ಹಾಕದಿದ್ದರೂ ಹುಟ್ಟುವ ಕರುವಿಗೆ ಸೋಂಕು ದಾಟಬಹುದು. ಇದಕ್ಕೆ ಹಸುವಿಗೆ ಕೊಡುವ ಖಚಿತ ಔಷಧಿಯಿಲ್ಲ.

ಬ್ರೂಸೆಲ್ಲಾ ರೋಗದ ಮಾಸನ್ನು ನಾಯಿ ಎಳೆದಾಡಿದರೆ ರೋಗಾಣು ಕೊಟ್ಟಿಗೆ, ಅಂಗಳಗಳಿಗೆಲ್ಲ ಹರಡುತ್ತದೆ. ಈ ರೋಗ ಮನುಷ್ಯರಿಗೂ ತಗಲಿ ಬಿಟ್ಟುಬಿಟ್ಟು ಜ್ವರ, ಕೀಲುನೋವು ತರುತ್ತದೆ.

ಚಟ ಬಿಡಿಸುವ ಕ್ರಮ:

1. ಸಿಗದಂತೆ ಮಾಡಿ. ಒಮ್ಮೆ ತಿಂದ ನಾಯಿ ಮತ್ತೆ ಹುಡುಕಿಕೊಂಡು ಬರುತ್ತದೆ. ಹಸು ಈಯುವ ಲಕ್ಷಣ ಕಂಡಕೂಡಲೇ ನಾಯಿಯನ್ನು ಕಟ್ಟಿಹಾಕಿ. ಮಾಸು ಬಿದ್ದು ಹೂಳುವವರೆಗೂ ಬಿಚ್ಚಬೇಡಿ.

2. ಹೊಟ್ಟೆ ತುಂಬಾ ಹಾಕಿ. ದಿನಕ್ಕೆರಡು ಬಾರಿ, ಹೊತ್ತಿಗೆ ಸರಿಯಾಗಿ ಅನ್ನ, ಮುದ್ದೆ, ಬೇಯಿಸಿದ ಮೊಟ್ಟೆ ಕೊಡಿ. ಹಸಿ ಮಾಂಸ ಬೇಡ.

3. 'ಬಿಡು' ಎಂಬ ಮಾತು ಕಲಿಸಿ. ಮುಷ್ಟಿಯಲ್ಲಿ ರೊಟ್ಟಿ ಚೂರು ಹಿಡಿದು ಮೂಗಿನ ಮುಂದೆ ಇಡಿ, 'ಬಿಡು' ಎನ್ನಿ. ನಾಯಿ ಮೂಸಿ, ನೆಕ್ಕಿ, ಕೊನೆಗೆ ಮುಖ ತಿರುಗಿಸುತ್ತದೆ. ಆ ಕ್ಷಣವೇ 'ಶಭಾಷ್' ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ದಿನವೂ ಐದು ನಿಮಿಷ ಸಾಕು. ಕಲಿತ ಮೇಲೆ ಚೂರನ್ನು ನೆಲದ ಮೇಲಿಟ್ಟು, ಅನಂತರ ಹಗ್ಗ ಹಿಡಿದು ತಿಪ್ಪೆಯ ಹತ್ತಿರ ಅಭ್ಯಾಸ ಮಾಡಿಸಿ. ಮನೆಯವರೆಲ್ಲ ಇದೇ ಮಾತು ಬಳಸಬೇಕು.

4. ಹೊಡೆಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಹೆದರಿದ ನಾಯಿ ಗಬಕ್ಕನೆ ನುಂಗುತ್ತದೆ, ಇಲ್ಲವೇ ಕದ್ದು ತಿನ್ನಲು ಕಲಿಯುತ್ತದೆ.

ನಾಯಿಗೆ ಕಲಿಸಿದಷ್ಟೇ ಮುಖ್ಯ ನಮ್ಮ ಕೆಲಸ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಾಸನ್ನು ಎತ್ತಿ, ಬಾವಿಯಿಂದ ದೂರ 4 ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು, ಮೇಲೆ ಕಲ್ಲು ಹೇರಿ. ಜಾಗವಿಲ್ಲದವರು ನೆರೆಯವರ ತೋಟದಲ್ಲಿ ಕೇಳಿ ಹೂಳಿರಿ. ಮೇವಿನ ಬಣವೆ, ನೀರಿನ ತೊಟ್ಟಿಗಳ ಬಳಿ ನಾಯಿ ಮಲಗದಂತೆ ನೋಡಿಕೊಳ್ಳಿ. ನಾಯಿಗೆ ಜಂತುಹುಳುವಿನ ಔಷಧಿ ಕೊಡಿಸಿ. ಆದರೆ ಅದರಿಂದ ನಿಯೋಸ್ಪೋರಾ ಹೋಗುವುದಿಲ್ಲ ಎಂಬುದು ನೆನಪಿರಲಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕಿಸಿ.

ಹಸು ಕಂದು ಹಾಕಿದರೆ ಅದನ್ನು ನಾಯಿಗೆ ಸಿಗದಂತೆ ಮುಚ್ಚಿಟ್ಟು, ಬರಿಗೈಯಲ್ಲಿ ಮುಟ್ಟದೆ, ಕೂಡಲೇ ನಿಮ್ಮ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ. ಪರೀಕ್ಷೆಯಿಂದ ಕಾರಣ ತಿಳಿದರೆ ಉಳಿದ ಹಸುಗಳ ಗಬ್ಬ ಉಳಿಸಿಕೊಳ್ಳಬಹುದು.